ಅರ್ಧ ದೀಪದ ಮೈದಾನಕ್ಕೊಂದು ಅಗಲ ಕಣ್ಣಿನ ಲೆನ್ಸು

ಬೆಳಗಿನ ಜಾವ. ಹೆಲ್ಸಿಂಗ್‌ಲಾಂಡ್ ಸೀಮೆಯ ಶಾರ್ನ್‌ಬೋ ಊರಿನಲ್ಲಿ ಎಚ್ಚರವಾಗಿರುವುದು ಒಂದು ಟ್ರ್ಯಾಕ್ಟರ್ ಮಾತ್ರ. ಅದರ ಹಿಂದೆ ಕಟ್ಟಿದ ತೊಟ್ಟಿಯಿಂದ ಬಿಸಿನೀರು ಐಸಿನ ಮೇಲೆ ತೆಳ್ಳಗೆ ಹರಡಿ, ಆವಿ ಏಳುತ್ತಿದ್ದಂತೆಯೇ ಹೆಪ್ಪುಗಟ್ಟುತ್ತಿದೆ. ಕ್ಲಬ್ಬಿನ ಗೋಡೆಯ ಥರ್ಮಾಮೀಟರ್ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ ತೋರಿಸುತ್ತಿದೆ. ಸ್ಟಿಯರಿಂಗ್ ಹಿಡಿದು ಕೂತವರು ಸಿಗ್‌ಬ್ರಿತ್ ನೋರ್‌ಲಿಂಗ್. ವಯಸ್ಸು ಅರವತ್ತೊಂದು. ಕಿವಿ ಮುಚ್ಚುವ ಉಣ್ಣೆ ಟೋಪಿ, ಗಂಡ ಬೇಟೆಗೆ ಹೋಗುವಾಗ ಹಾಕಿಕೊಳ್ಳುವ ದಪ್ಪ ಕೈಗವಸು. ಪಕ್ಕದಲ್ಲಿ ಮಗುವನ್ನು ಕೂರಿಸಿದಂತೆ ಬೆಲ್ಟು ಬಿಗಿದು ಕೂರಿಸಿರುವುದು ಕ್ಯಾಮೆರಾ ಚೀಲವನ್ನು.

“ತಣ್ಣೀರು ಬಿಟ್ರೆ ಗುಳ್ಳೆ ಏಳುತ್ತೆ. ಬಿಸಿನೀರೇ ಆಗ್ಬೇಕು, ಅದೂ ಒಂದೇ ಸಮ ಬಿಡ್ಬೇಕು,” ಎನ್ನುತ್ತಾರೆ ಅವರು, ಟ್ರ್ಯಾಕ್ಟರಿನ ಸದ್ದಿಗಿಂತ ಜೋರಾಗಿ. “ನಮ್ಮ ಹುಡುಗೀರು ಬಿದ್ರೆ ಎದುರಿನವರು ತಳ್ಳಿ ಬೀಳ್ಲಿ. ನನ್ನ ಐಸಿನಿಂದ ಬಿದ್ರು ಅಂತ ಮಾತ್ರ ಆಗಬಾರ್ದು.”

ಸಂಜೆ ಹೆಂಗಸರ ಬ್ಯಾಂಡಿ ಪಂದ್ಯವಿದೆ. ಫುಟ್‌ಬಾಲ್ ಮೈದಾನದಷ್ಟು ಅಗಲದ ಐಸು, ಒಂದೊಂದು ಕಡೆಗೆ ಹನ್ನೊಂದು ಜನ, ಕೈಯಲ್ಲಿ ಬಾಗಿದ ಕೋಲು, ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕ ಕಿತ್ತಳೆ ಬಣ್ಣದ ಚೆಂಡು. ಗೋಲ್‌ಕೀಪರ್ ಕೈಯಲ್ಲಿ ಕೋಲೂ ಇರುವುದಿಲ್ಲ. ಗುಂಡಿನ ಹಾಗೆ ಬರುವ ಚೆಂಡನ್ನು ಮೈ ಕೈ ಒಡ್ಡಿಯೇ ತಡೆಯಬೇಕು. ನೋಡಲು ಬರುವ ಹಿರಿಯರ ಕೈಯಲ್ಲೆಲ್ಲ ಹಳೇ ಕಂದು ಚರ್ಮದ ಬ್ಯಾಗು. ಅದರಲ್ಲಿ ಕಡತ ಇದ್ದೀತು ಎಂದುಕೊಂಡರೆ ಮೋಸ ಹೋದಿರಿ. ಇರುವುದು ಕಾಫಿಯ ಫ್ಲಾಸ್ಕು, ಮತ್ತೆ ಕಾಫಿಗಿಂತ ಹೆಚ್ಚು ಬಿಸಿ ಮಾಡುವ ಇನ್ನೊಂದು ಸಣ್ಣ ಬಾಟಲಿ.

ಬೇಸಿಗೆಯಲ್ಲಿ ಇದೇ ಮೈದಾನದ ಹುಲ್ಲು ಕತ್ತರಿಸುವುದು, ಚಳಿಗಾಲದಲ್ಲಿ ಇಲ್ಲಿ ಐಸು ಕಟ್ಟುವುದು ಸಿಗ್‌ಬ್ರಿತ್ ಅವರ ಸಂಬಳದ ಕೆಲಸ. ಪಂದ್ಯದ ಫೋಟೋ ತೆಗೆಯುವುದು ಸಂಬಳವಿಲ್ಲದ ಕೆಲಸ. ಅದಕ್ಕೆ ಕ್ಲಬ್ಬು ಕೊಡುವುದು ಒಂದು ಲೋಟ ಕಾಫಿ, ಒಂದು ದಾಲ್ಚಿನ್ನಿ ಬನ್ನು. ಬನ್ನು ನಿನ್ನೆಯದಾಗಿದ್ದರೆ ಅವರು ಸುಮ್ಮನಿರುವವರಲ್ಲ.

ಮೂವತ್ತೈದು ವರ್ಷದ ಕೆಳಗೆ ಅವರೂ ಇದೇ ಊರಿನ ತಂಡದಲ್ಲಿ ಆಡಿದವರು. ಆದರೆ ಆಡುತ್ತಿರುವ ಒಂದೇ ಒಂದು ಫೋಟೋ ಅವರ ಬಳಿ ಇಲ್ಲ. ಕ್ಲಬ್ಬಿನ ಕಾಫಿ ಕೋಣೆಯ ಗೋಡೆ ತುಂಬ ಗಂಡಸರ ಚಿತ್ರಗಳು: ಮೀಸೆಯ ಮೇಲೆ ಮಂಜು ಕಟ್ಟಿದವರು, ಕಪ್ ಎತ್ತಿದವರು, ಬಿದ್ದು ಹಲ್ಲು ಮುರಿದುಕೊಂಡು ನಗುತ್ತಿರುವವರು. “ನಾವೂ ಆಡಿದ್ವಿ ಅನ್ನೋಕೆ ಇರೋ ಸಾಕ್ಷಿ ನಮ್ಮ ಮಂಡಿನೋವು ಒಂದೇ,” ಎಂದು ಅವರು ನಗುತ್ತಾರೆ. ಆ ನಗುವಿನಲ್ಲಿ ಸಿಟ್ಟೂ ಇದೆ, ಅದನ್ನವರು ಮುಚ್ಚಿಡುವುದೂ ಇಲ್ಲ.

ಪಕ್ಕದ ಪಟ್ಟಣದ ಪತ್ರಿಕಾ ಕಚೇರಿ ಬಾಗಿಲು ಹಾಕಿದಾಗ ಅಲ್ಲಿನ ಫೋಟೋಗ್ರಾಫರ್ ವೃತ್ತಿಯವರು ಬಳಸುವ ತನ್ನ ಫುಲ್ ಫ್ರೇಮ್ ಕ್ಯಾಮೆರಾವನ್ನು ಸಿಗ್‌ಬ್ರಿತ್ ಅವರಿಗೆ ಮಾರಿ ಊರು ಬಿಟ್ಟ. ಒಳ್ಳೆಯ ಲೆನ್ಸುಗಳನ್ನು ಮಾತ್ರ ಜೊತೆಗೇ ಒಯ್ದ. ಇವರ ಪಾಲಿಗೆ ಬಂದದ್ದು ಹಗಲು ಹೊತ್ತಿಗಷ್ಟೇ ಲಾಯಕ್ಕಾದ ಒಂದು ಜೂಮ್. ದೂರದ್ದನ್ನು ಹತ್ತಿರ ತರುತ್ತಿತ್ತು, ನಿಜ. ಆದರೆ ಅದರ ಕಣ್ಣು ಚಿಕ್ಕದು, ಬೆಳಕು ಸಾಲದು. ಇನ್ನು ಬೆಳಕಿನ ಕಥೆ ಕೇಳಿ. ಶಾರ್ನ್‌ಬೋ ಮೈದಾನದ ಸುತ್ತ ಎಂಟು ದೀಪಸ್ತಂಭಗಳಿವೆ. ಗಂಡಸರ ಪಂದ್ಯಕ್ಕೆ ಎಂಟೂ ಉರಿಯುತ್ತಿದ್ದವು. ಹೆಂಗಸರ ಪಂದ್ಯಕ್ಕೆ ನಾಲ್ಕು. ಕರೆಂಟಿನ ದರ ಏರಿದ ವರ್ಷ ಕ್ಲಬ್ಬಿನ ಆಡಳಿತ ಮಂಡಳಿ ಹಾಗೆ ತೀರ್ಮಾನಿಸಿತು. ಹುಡುಗಿಯರು ಎಷ್ಟು ಸಲ ಕೇಳಿಕೊಂಡರೂ ತೀರ್ಮಾನ ಕದಲಲಿಲ್ಲ. “ಸ್ವಿಚ್ ನನ್ನ ಕೈಲಿದೆ, ಬಿಲ್ಲು ಅವರ ಕೈಲಿದೆ,” ಎನ್ನುತ್ತಿದ್ದರು ಸಿಗ್‌ಬ್ರಿತ್.

ನಾಲ್ಕು ದೀಪದಲ್ಲಿ ತೆಗೆದ ಫೋಟೋಗಳು ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿ ಬರುತ್ತಿದ್ದವು. ಓಡುವ ಹುಡುಗಿಯರು ಹೊಗೆಯಂತೆ ಕಾಣುತ್ತಿದ್ದರು. ಕ್ಲಬ್ಬಿನ ಅಧ್ಯಕ್ಷ ಸ್ಟೂರೆ, ಸಾಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಳೇ ಆಟಗಾರ, ಅವನ್ನು ನೋಡಿ ಹೇಳಿದ್ದು ಇಷ್ಟೇ: “ಗೋಡೆಗೆ ಹಾಕೋವಂಥದ್ದು ಒಂದು ತಾ ಸಿಗ್‌ಬ್ರಿತ್, ಮೊಳೆ ನಾನೇ ಹೊಡೀತೀನಿ.” ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಏಕವಚನವೇ. ಅದರಲ್ಲಿ ಪ್ರೀತಿ ಎಷ್ಟು, ತಾತ್ಸಾರ ಎಷ್ಟು ಎನ್ನುವುದನ್ನು ದನಿಯಲ್ಲೇ ಅಳೆಯಬೇಕು.

ಸಿಗ್‌ಬ್ರಿತ್ ಲೆನ್ಸ್ ಹುಡುಕಲು ಹೊರಟರು. ಪಟ್ಟಣದ ಅಂಗಡಿಯಲ್ಲಿ ಹೊಸದೊಂದು ಇತ್ತು. ಎಪ್ಪತ್ತರಿಂದ ಇನ್ನೂರು ಮಿಲಿಮೀಟರ್‌ವರೆಗೆ ಎಳೆಯಬಹುದಾದ ಜೂಮ್, ಎಲ್ಲಿಗೆ ಎಳೆದರೂ ಎಫ್ 2.8ರಷ್ಟು ಅಗಲಕ್ಕೆ ತೆರೆಯುವ ಕಣ್ಣು. ಬೆಲೆ ಕೇಳಿದರೆ ಹೊರಗೆ ನಿಲ್ಲಿಸಿದ ಅವರ ಕಾರಿಗಿಂತ ಜಾಸ್ತಿ. ಅಂಗಡಿಯ ಹುಡುಗ ಮರುಕಪಟ್ಟು, ಅದರ ಅರ್ಧ ಬೆಲೆಯ ಎಫ್ 4 ತೋರಿಸಿದ. ಇವರು ಅಲ್ಲೇ ನಿಂತು ಲೆಕ್ಕ ಹಾಕಿದರು. “ಇದರೊಳಗೆ ಹೋಗೋ ಬೆಳಕು ಅದರ ಅರ್ಧ. ದೀಪಾನೂ ಅರ್ಧ. ಅರ್ಧದಲ್ಲಿ ಅರ್ಧ ಅಂದ್ರೆ ಕಾಲು ಕಣಪ್ಪ. ಕಾಲು ಬೆಳಕಲ್ಲಿ ನಾನು ಯಾರ ಫೋಟೋ ತೆಗೀಲಿ?” ಜೂಮ್ ಇಲ್ಲದ, ಕಣ್ಣು ಅಗಲವಾದ ಲೆನ್ಸು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅತ್ತ ಗೋಲಿನ ಬಳಿ ಇದ್ದ ಹುಡುಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಇತ್ತ ಮೂಗಿನ ಮುಂದೆ ಬಂದು ನಿಲ್ಲುವ ಆಟ ಇದು. ಜೂಮ್ ಇಲ್ಲದೆ ಆಗದು.

ಹಾಗಾದರೆ ಹಳೆಯದೇ ಗತಿ. ಹಳೆಯದನ್ನು ಕೊಳ್ಳುವವರು ಗಾಜಿನ ಮೇಲೆ ಗೀರಿದೆಯೇ, ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಟಾರ್ಚು ಬಿಟ್ಟು ನೋಡುತ್ತಾರೆ. ಸಿಗ್‌ಬ್ರಿತ್ ಅದನ್ನೂ ನೋಡಿದರು. ಆದರೆ ಅವರ ನಿಜವಾದ ಪರೀಕ್ಷೆ ನಡೆದದ್ದು ಮನೆಯ ಫ್ರೀಜರಿನಲ್ಲಿ, ಶರತ್ಕಾಲದಲ್ಲಿ ಹೊಡೆದ ಎಲ್ಕ್ ಎಂಬ ದೊಡ್ಡ ಜಿಂಕೆಯ ಮಾಂಸದ ಪೊಟ್ಟಣಗಳ ನಡುವೆ. ಬೆಚ್ಚಗಿನ ಅಂಗಡಿಯಲ್ಲಿ ಬೆಣ್ಣೆಯಂತೆ ತಿರುಗುವ ಜೂಮ್ ಬಳೆ ಇಲ್ಲಿನ ಚಳಿಯಲ್ಲಿ ಒಳಗಿನ ಗ್ರೀಸು ಗಟ್ಟಿಯಾಗಿ ಕಲ್ಲಾಗುತ್ತದೆ. ಆದ್ದರಿಂದ ಲೆನ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ರಾತ್ರಿಯೆಲ್ಲ ಇಡುವುದು. ಬೆಳಿಗ್ಗೆ ತೆಗೆದು, ಒಳಗೆ ತಂದರೆ ಗಾಜು ಬೆವರುತ್ತದೆಂದು ಸೀದಾ ಹೊರಗಿನ ಸೌದೆ ಕೊಟ್ಟಿಗೆಗೆ ಒಯ್ದು, ದಪ್ಪ ಕೈಗವಸಿನಲ್ಲೇ ತಿರುಗಿಸುವುದು. ತಿರುಗಿದರೆ ಪಾಸು, ಇಲ್ಲದಿದ್ದರೆ ಫೇಲು.

ಹೊಸ ಲೆನ್ಸಿನ ಅಂಗಡಿಯವರನ್ನೂ ಅವರು ಕೇಳದೆ ಬಿಟ್ಟಿರಲಿಲ್ಲ. “ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು ವಾಪಸ್ ತಂದ್ಕೊಡ್ಲಾ?” ಎಂದದ್ದಕ್ಕೆ ಆ ಹುಡುಗ ಲೆನ್ಸನ್ನು ಎರಡು ಕೈಯಿಂದ ಅಪ್ಪಿಕೊಂಡು ಒಳಗೆ ಹೋದನಂತೆ.

ಮೊದಲು ಮನೆಗೆ ಬಂದದ್ದು ಬೇರೊಂದು ಕಂಪನಿಯ, ಅಷ್ಟಾಗಿ ಬಳಸದ, ಪೆಟ್ಟಿಗೆಯ ಸಮೇತ ಫಳಫಳ ಹೊಳೆಯುವ ಲೆನ್ಸು. ಮಾರುವವರು ಧೈರ್ಯ ಮಾಡಿ ಎರಡು ದಿನಕ್ಕೆ ಕೊಟ್ಟಿದ್ದರು. ಅಂದು ರಾತ್ರಿ ಊಟಕ್ಕೆ ಮಾಂಸ ತೆಗೆಯಲು ಹೋದ ಗಂಡ ಇಂಗೆಮಾರ್ ಕೈಯಲ್ಲಿ ಚೀಲ ಎತ್ತಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತರು.

“ಏನೇ ಇದು, ಎಷ್ಟು ಹೊತ್ತು ಬೇಯಿಸ್ಬೇಕು?”

“ಮೊದಲು ಇಟ್ಟ ಜಾಗದಲ್ಲಿ ಇಡು. ಅದು ಪರೀಕ್ಷೆಗೆ ಕೂತಿದೆ.”

“ಫೇಲಾದ್ರೆ ಆಲೂಗಡ್ಡೆ ಹಾಕಿ ಸಾರು ಮಾಡೋಣ ಬಿಡು.”

ಅದು ಫೇಲೇ ಆಯಿತು. ಬಳೆ ಕದಲಲಿಲ್ಲ, ಫೋಕಸ್ ಮಾಡುವ ಮೋಟಾರು ಮುದುಕನಂತೆ ನರಳಿತು. ಎರಡನೆಯದು ಪಾಸಾಯಿತು. ಕಾಣಲು ಯಾರೂ ಮೆಚ್ಚುವಂಥದ್ದಲ್ಲ. ಮದುವೆ ಫೋಟೋ ತೆಗೆದು ತೆಗೆದು ದಣಿದು ಬಿಟ್ಟ ಹಿರಿಯರೊಬ್ಬರದು; ಬಣ್ಣ ಹೋಗಿ ಒಳಗಿನ ಲೋಹ ಕಾಣುತ್ತಿತ್ತು, ಅಂಚಿನಲ್ಲಿ ನೆಗ್ಗಿತ್ತು, ತೂಕ ಒಂದೂವರೆ ಕಿಲೋ. ಆದರೆ ಇವರ ಕ್ಯಾಮೆರಾ ಕಂಪನಿಯದೇ, ಎಫ್ 2.8. “ಕೈ ನಡುಕ ತಡೆಯೋ ವ್ಯವಸ್ಥೆ ಇದರಲ್ಲಿಲ್ಲಮ್ಮ,” ಎಂದು ಆ ಹಿರಿಯರು ಪ್ರಾಮಾಣಿಕವಾಗಿ ಹೇಳಿದರು. ಸಿಗ್‌ಬ್ರಿತ್ ಅವರ ಉತ್ತರ: “ನನ್ನ ಕೈ ನಡುಗಲ್ಲ. ಓಡೋರು ಹುಡುಗೀರು. ಅವರನ್ನ ಹಿಡಿಯೋಕೆ ಬೇಕಿರೋದು ಬೆಳಕು.” ಆ ವ್ಯವಸ್ಥೆ ಇಲ್ಲದ್ದಕ್ಕೇ ಬೆಲೆಯೂ ಇಳಿದಿತ್ತು. ಹೊಸದರ ನಾಲ್ಕನೇ ಒಂದು ಪಾಲಿಗೆ ವ್ಯವಹಾರ ಮುಗಿಯಿತು.

ಡಿಸೆಂಬರಿನ ಮೊದಲ ಪಂದ್ಯದಲ್ಲೇ ಆ ನೆಗ್ಗಿದ ಲೆನ್ಸು ತಾನು ಯಾರೆಂದು ತೋರಿಸಿತು. ಗೋಲು ಹೊಡೆದ ಹುಡುಗಿಯ ಹಣೆಯ ಬೆವರು, ಸ್ಕೇಟಿನಡಿ ಸಿಡಿದ ಐಸಿನ ಪುಡಿ, ಬಲೆಗೆ ಅಂಟಿಕೊಂಡ ಕಿತ್ತಳೆ ಚೆಂಡು, ಎಲ್ಲವೂ ಚಿತ್ರದಲ್ಲಿತ್ತು. ಹಿನ್ನೆಲೆಯ ಕತ್ತಲು ಕೂಡ ಮೃದುವಾಗಿ, ಚೆಂದವಾಗಿ ಬಂದಿತ್ತು. ಸ್ಟೂರೆ ಮಾತಿಗೆ ತಪ್ಪಲಿಲ್ಲ. ಅದನ್ನು ಗಂಡಸರ ಚಿತ್ರಗಳಷ್ಟೇ ದೊಡ್ಡದು ಮಾಡಿಸಿ, ಗೋಡೆಯ ನಟ್ಟನಡುವೆ ಮೊಳೆ ಹೊಡೆದು ತೂಗುಹಾಕಿದರು. ಶಾರ್ನ್‌ಬೋ ಹೆಂಗಸರು ಗೋಡೆ ಹತ್ತಿದ್ದು ಅದೇ ಮೊದಲು. ಅಂದು ಸಿಗ್‌ಬ್ರಿತ್ ಮನೆಗೆ ಹಾಡಿಕೊಂಡು ಹೋದರು.

ಆ ಸಂತೋಷ ನಿಂತದ್ದು ಮಂಡಳಿಯ ಮುಂದಿನ ಸಭೆಯವರೆಗೆ. ಗೋಲ್‌ಕೀಪರ್ ಎಲ್ವಿರಾ, ವೈರಿಂಗ್ ಕೆಲಸ ಕಲಿಯುತ್ತಿರುವ ಇಪ್ಪತ್ತರ ಹುಡುಗಿ, ಮತ್ತೆ ಎಂಟು ದೀಪ ಕೇಳಿದಳು. ಸ್ಟೂರೆ ಗೋಡೆಯತ್ತ ಬೆರಳು ತೋರಿಸಿದರು. “ನೋಡಮ್ಮ, ಹಗಲು ಇದ್ದಂಗಿದೆ. ನಾಲ್ಕೇ ದೀಪದಲ್ಲಿ ತೆಗೆದದ್ದು. ಇನ್ನು ದೀಪದ ಮಾತು ಬೇಡ.” ಮಂಡಳಿಯವರೆಲ್ಲ ಹೌದೆಂದು ತಲೆ ಆಡಿಸಿದರು.

ಹೊರಗೆ ಬಂದ ಎಲ್ವಿರಾ ಸಿಗ್‌ಬ್ರಿತ್ ಅವರ ಮುಖ ನೋಡಿ ಹೇಳಿದ್ದು ಒಂದೇ ಮಾತು. “ನಿನ್ನ ಫೋಟೋ ನಮ್ಮ ಬಾಯಿ ಮುಚ್ಚಿಸ್ತು ಬಿಡು.”

ಆ ಮಾತು ಚುಚ್ಚಿತು. ಮರುದಿನ ಟ್ರ್ಯಾಕ್ಟರ್ ಓಡಿಸುವಾಗ ಕಣ್ಣಲ್ಲಿ ನೀರು ಬಂತೆಂದು ಸಿಗ್‌ಬ್ರಿತ್ ಒಪ್ಪಿಕೊಳ್ಳುತ್ತಾರೆ. “ಅವಳ ತಪ್ಪಿಲ್ಲ. ಲೆನ್ಸಿನ ಕಣ್ಣು ನಾನು ದುಡ್ಡು ಕೊಟ್ಟು ಅಗಲ ಮಾಡಿಸ್ಕೊಂಡೆ. ಅವಳ ಕಣ್ಣು ಅಷ್ಟೇ ಇದೆ. ಚೆಂಡು ತಡೀಬೇಕಾದವಳು ಅವಳು.” ಗೋಡೆಯ ಚಿತ್ರವನ್ನು ಇಳಿಸಿಬಿಡಲೇ ಎಂದೂ ಯೋಚಿಸಿದರಂತೆ. ಇಳಿಸಲಿಲ್ಲ. ಅಷ್ಟು ಕಷ್ಟಪಟ್ಟು ಹತ್ತಿಸಿದ್ದನ್ನು ಇಳಿಸಲು ಮನಸ್ಸು ಬರಲಿಲ್ಲ.

ಮುಂದಿನ ಅಭ್ಯಾಸದ ಸಂಜೆ ಸ್ಟೂರೆ ಎಂದಿನಂತೆ ಚರ್ಮದ ಬ್ಯಾಗು ಹಿಡಿದು ಬಂದಾಗ ಸಿಗ್‌ಬ್ರಿತ್ ಗೋಲ್‌ಕೀಪರಿನ ಮುಖಕವಚವನ್ನು ಅವರ ಮುಂದೆ ಹಿಡಿದರು.

“ಹಗಲು ಇದ್ದಂಗಿದೆ ಅಂದ್ಯಲ್ಲ, ಒಂದೈದು ನಿಮಿಷ ನಿಂತ್ಕೋ ಬಾ.”

“ನನಗೆ ಎಪ್ಪತ್ತೆರಡು ಕಣೇ!”

“ಮೊನ್ನೆ ಕಾಫಿ ಕುಡೀತಾ, ಈಗ್ಲೂ ಆಡಬಲ್ಲೆ ಅಂತ ಯಾರು ಹೇಳಿದ್ದು? ಹಿಂದೆ ಎಲ್ಲಾರೂ ನೋಡ್ತಿದಾರೆ, ಹೂಂ ಅನ್ನು.”

ಬೆಂಚಿನ ಮೇಲಿದ್ದ ಬ್ಯಾಗುಧಾರಿಗಳು ಹೋ ಎಂದು ಕೂಗಿದರು. ಹಾಗೆ ಕೂಗಿದ ಮೇಲೆ ಈ ಊರಿನ ಗಂಡಸು ಹಿಂದೆ ಸರಿಯುವುದುಂಟೆ? ಸ್ಟೂರೆ ಮೈತುಂಬ ಪ್ಯಾಡು ಕಟ್ಟಿಕೊಂಡು ಗೋಲಿನಲ್ಲಿ ನಿಂತರು. ಉರಿಯುತ್ತಿದ್ದದ್ದು ನಾಲ್ಕು ದೀಪ. ಎಲ್ವಿರಾ ದೂರದಿಂದ ಜೊತೆಯವಳ ಕೋಲು ತೆಗೆದುಕೊಂಡು ಬೀಸಿದಳು. ಸ್ಟೂರೆ ಬಾಗಿದವರು ಬಾಗಿಯೇ ಇದ್ದರು.

“ಹೊಡಿಯೇ, ಕಾಯ್ತಿದೀನಿ!”

“ಹೊಡೆದಾಯ್ತು. ನಿನ್ನ ಹಿಂದೆ ಇದೆ.”

ಎರಡನೆಯ ಚೆಂಡು ಬಂತೆಂದು ಅವರಿಗೆ ತಿಳಿದದ್ದು ಅದು ಪಕ್ಕೆಗೆ ಬಡಿದಾಗಲೇ. ಮೂರನೆಯದಕ್ಕೆ ಅವರು ಎಡಕ್ಕೆ ಜಿಗಿದರು, ಚೆಂಡು ಬಲಕ್ಕೆ ಹೋಯಿತು. ಸ್ಟೂರೆ ಕವಚ ತೆಗೆದು, ಎಲ್ವಿರಾಳತ್ತ ತಿರುಗಿದರು. “ಈ ಬೆಳಕಲ್ಲಿ ನೀನು ಹೋದ ವಾರ ಹದಿನಾಲ್ಕು ಚೆಂಡು ತಡೆದ್ಯಾ?” ಎಂದು ಕೇಳಿದರು. ಅವಳು ಹೌದೆಂದು ತಲೆ ಆಡಿಸಿದಳು. ಸ್ಟೂರೆ ಪಕ್ಕೆ ಹಿಡಿದುಕೊಂಡು ಐಸು ದಾಟಿ ಬಂದರು. “ದೀಪ ಎಲ್ಲಾ ಹಾಕು ಸಿಗ್‌ಬ್ರಿತ್. ಬಿಲ್ಲಿನ ವಿಷಯ ನಾನು ಮಂಡಳಿಗೆ ಹೇಳ್ತೀನಿ. ಒಪ್ಪದೇ ಇದ್ರೆ ಅವರನ್ನೂ ಒಬ್ಬೊಬ್ಬರಾಗಿ ಗೋಲಲ್ಲಿ ನಿಲ್ಲಿಸೋಣ.” ಯಾರನ್ನೂ ನಿಲ್ಲಿಸಬೇಕಾಗಿ ಬರಲಿಲ್ಲ.

ಇವತ್ತು ಸಂಜೆಯದು ಎಂಟು ದೀಪದ ಮೊದಲ ಪಂದ್ಯ. ಸಿಗ್‌ಬ್ರಿತ್ ಕೈಯಾರೆ ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕುತ್ತಾರೆ. ಬೆಳಿಗ್ಗೆ ಕಟ್ಟಿದ ಐಸು ಅಂಚಿನಿಂದ ಅಂಚಿಗೆ ಬೆಳಗುತ್ತದೆ. ಹುಡುಗಿಯರು ಕೋಲು ನೆಲಕ್ಕೆ ಬಡಿದು ಕೂಗುತ್ತಾರೆ. ಎರಡನೇ ಅರ್ಧದಲ್ಲಿ ಎದುರಾಳಿ ಹೊಡೆದ ಚೆಂಡಿಗೆ ಎಲ್ವಿರಾ ಅಡ್ಡ ಹಾರಿ, ಬೆರಳ ತುದಿಯಿಂದ ಅದನ್ನು ಗೋಲಿನ ಕಂಬದಾಚೆ ತಳ್ಳುತ್ತಾಳೆ. ಸಿಗ್‌ಬ್ರಿತ್ ಅವರ ಶಟರ್ ಸದ್ದು ಮಾಡುತ್ತದೆ. ಪಂದ್ಯ ಸಮ ಆಗುತ್ತದೆ. ಅದರ ಬಗ್ಗೆ ಯಾರಿಗೂ ಬೇಸರವಿಲ್ಲ.

ಪಂದ್ಯ ಮುಗಿದ ಮೇಲೆ ಬೆಂಚಿನ ಬಳಿ ಇಂಗೆಮಾರ್ ಕಾಫಿ ಬಗ್ಗಿಸಿಕೊಡುತ್ತಾ ಕ್ಯಾಮೆರಾದ ಪರದೆಯಲ್ಲಿ ಆ ಚಿತ್ರ ನೋಡುತ್ತಾರೆ. ನೋಡಿ, ಮೆಚ್ಚಿ, ಸ್ವಲ್ಪ ಹೊತ್ತು ಏನನ್ನೋ ಲೆಕ್ಕ ಹಾಕುತ್ತಾರೆ.

“ಅಲ್ಲ ಕಣೇ, ಇಷ್ಟು ಬೆಳಕಿದ್ರೆ ನಿನ್ನ ಹಳೇ ಲೆನ್ಸೇ ಸಾಕಾಗ್ತಿತ್ತಲ್ಲ? ಇದನ್ನ ಸುಮ್ನೆ ತಗೊಂಡಂಗಾಯ್ತು.”

ಸಿಗ್‌ಬ್ರಿತ್ ಕೈಗವಸಿನಿಂದ ಲೆನ್ಸಿನ ಮೇಲಿನ ಮಂಜು ಒರೆಸುತ್ತಾರೆ.

“ಸಾಕಾಗ್ತಿತ್ತು,” ಎನ್ನುತ್ತಾರೆ. “ಇದು ಬೇಡ ಅನ್ನೋ ಹಾಗೆ ಆಗ್ಲಿ ಅಂತಾನೇ ಇದನ್ನ ತಗೊಂಡೆ ಅಂದ್ಕೋ.”