ಬೆಲ್ಲಕ್ಕೆ ತೂಗಿದ ಕೂಸು

ಏನನ್ನು ಕೈಗೆ ಕೊಟ್ಟರೂ ನಮ್ಮ ಸೋದರತ್ತೆ ಮೊದಲು ಮೂಗಿನ ನತ್ತನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿ ಮೂಸಿ ನೋಡುತ್ತಿದ್ದಳು. ಸೋಪಾದರೂ ಸರಿ, ಸೀರೆಯಾದರೂ ಸರಿ, ಮದುವೆಯ ಕರೆಯೋಲೆಯಾದರೂ ಸರಿ. ಮೂಸಿದ ಮೇಲೆ ಕೊಟ್ಟವರ ಮುಖ ನೋಡುವಳು. ಆ ನೋಟಕ್ಕೆ ಸಿಕ್ಕವರು ಏನೂ ಕದ್ದಿರದಿದ್ದರೂ ತಲೆ ತಗ್ಗಿಸುತ್ತಿದ್ದರು. ಹಾಲಿನವಳನ್ನು ನಂಬಳು, ಪಂಚಾಂಗ ಹೇಳುವವರನ್ನು ನಂಬಳು. ಗಂಡ ಬಳ್ಳಾರಿಗೆ ಹೋಗಿ ಬಂದೆ ಎಂದರೆ ಅಂಗಿಯ ಮೇಲೆ ಬಸ್ಸಿನ ಧೂಳು ಇದೆಯೇ ಎಂದು ಹುಡುಕುವಳು. ನನಗಂತೂ ಅವಳನ್ನು ಕಂಡರೆ ಸಿಟ್ಟೂ ನಗುವೂ ಒಟ್ಟಿಗೇ ಬರುತ್ತಿದ್ದವು.

ನಮ್ಮ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೋ ಎಂದು ಜನ ಜಗಳವಾಡುತ್ತಿದ್ದ ಕಾಲ ಅದು. ಹೊರದೇಶದ ಒಂದು ಸೇವಾಸಂಘ ಇಲ್ಲಿಯವರ ಜೊತೆ ಕೈಜೋಡಿಸಿ ಸಿರುಗುಪ್ಪ, ಕುರುಗೋಡಿನ ಆಸ್ಪತ್ರೆಗಳನ್ನು ಸುಧಾರಿಸಲು ಬಂದಿತ್ತು. ಬಳ್ಳಾರಿ ಪೇಟೆಯ ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಇಂಗ್ಲಿಷ್ ಕಲಿತು, ಮದುವೆಯೂ ಆಗದೆ ಕುಳಿತಿದ್ದವಳು ನಾನು. ಪರದೇಶದ ನರ್ಸಮ್ಮನ ಮಾತನ್ನು ಜನರಿಗೆ, ಜನರ ಮಾತನ್ನು ನರ್ಸಮ್ಮನಿಗೆ ಹೇಳುವ ಕೆಲಸಕ್ಕೆ ಸಂಬಳವಿಲ್ಲದೆ ಸೇರಿಕೊಂಡೆ. ಕುರುಗೋಡಿನಲ್ಲಿ ಅತ್ತೆಯ ಮನೆ ಇದ್ದುದರಿಂದ ಅಪ್ಪ ಒಪ್ಪಿದ. ಅತ್ತೆ ಒಪ್ಪಲಿಲ್ಲ, ಊಟ ಮಾತ್ರ ಹಾಕಿದಳು.

"ಅಷ್ಟು ದೂರದಿಂದ ಹಡಗ ಹತ್ತಿ ಬಂದು ನಮ್ಮ ಕೂಸುಗಳ ಕುಂಡಿ ತೊಳಿತಾರಂದ್ರ ಅದ್ರಾಗ ಏನೋ ಐತಿ" ಎಂದಳು ಮೊದಲ ದಿನವೇ. "ಮೊನ್ನಿ ತನಕ ಆಳಾಕ ಬಂದಿದ್ರು, ಈಗ ತೊಳ್ಯಾಕ ಬಂದಾರ. ನಂಬ್ತೀಯೇನು ನೀನು?"

"ಇವ್ರು ಬ್ಯಾರೆ ದೇಶದವ್ರು, ಅತ್ತಿ."

"ಬಣ್ಣ ಅದ ಐತಲ್ಲ!"

ಅವಳ ಅನುಮಾನವೇ ಊರಿನ ಅನುಮಾನ. ಆಸ್ಪತ್ರೆಯ ಪಡಸಾಲೆಯಲ್ಲಿ ನರ್ಸಮ್ಮ ದೊಡ್ಡ ತಕ್ಕಡಿಯೊಂದನ್ನು ತೂಗುಹಾಕಿದ್ದಳು. ಒಂದು ತಟ್ಟೆಯಲ್ಲಿ ಕೂಸು, ಇನ್ನೊಂದರಲ್ಲಿ ಕಬ್ಬಿಣದ ತೂಕದ ಬೊಟ್ಟುಗಳು. ವಾರಕ್ಕೊಮ್ಮೆ ತೂಗಿ, ಬಡಕಲಾದ ಕೂಸುಗಳಿಗೆ ಡಬ್ಬಿಯ ಹಾಲಿನ ಪುಡಿ ಕೊಡಬೇಕೆಂದು ಅವಳ ಆಸೆ. ಮೊದಲ ವಾರ ಬಂದ ಹೆಂಗಸರು ತಕ್ಕಡಿ ನೋಡಿದ್ದೇ ತಡ, ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇ ಹೋದರು. ಯಾಕೆಂದು ನರ್ಸಮ್ಮನಿಗೆ ತಿಳಿಯಲಿಲ್ಲ, ಪೇಟೆಯಲ್ಲಿ ಬೆಳೆದ ನನಗೂ ತಿಳಿಯಲಿಲ್ಲ. ಅತ್ತೆ ಬೈದು ಬಿಡಿಸಿ ಹೇಳಿದಳು.

"ಹರಕಿ ಹೊತ್ತ ಕೂಸಿನ್ನ ಗುಡ್ಯಾಗ ಬೆಲ್ಲಕ್ಕ ತೂಗ್ತಾರ. ಬೆಲ್ಲ ದೇವ್ರಿಗೆ ಹೋಗ್ತೈತಿ, ಕೂಸು ಮನಿಗೆ ಬರ್ತೈತಿ. ಕಬ್ಬಿಣಕ್ಕ ಯಾರು ತೂಗ್ತಾರವಾ? ಕಬ್ಬಿಣ ಶನಿದು. ಆತ ಏನು ತಗೊಂಡು ಹೋಗ್ತಾನ, ಬೊಟ್ಟೇನು?"

ಆ ಹೊತ್ತಿಗೆ ಅತ್ತೆಯ ಮನೆಯಲ್ಲೇ ಒಂದು ಕೂಸು ಸೊರಗುತ್ತಿತ್ತು. ಹೆರಿಗೆಗೆ ಬಂದಿದ್ದ ಮಗಳಿಗೆ ಜ್ವರ ಹಿಡಿದು ಎದೆಹಾಲು ಬತ್ತಿತ್ತು. ಆಡಿನ ಹಾಲು ಕುಡಿಸಿದರೆ ಕೂಸು ಕಕ್ಕುತ್ತಿತ್ತು. ಆಸ್ಪತ್ರೆಗೆ ಒಯ್ಯೋಣ ಎಂದು ನಾನು ಅತ್ತೆಯ ಕಾಲು ಹಿಡಿದೆ. ಮರುದಿನ ಕೂಸನ್ನು ನನ್ನ ಕೈಗೆ ಕೊಟ್ಟು, ತಾನು ಬೆಲ್ಲದ ಬುಟ್ಟಿ ಹೊತ್ತುಕೊಂಡು ಮುಂದೆ ನಡೆದಳು.

"ಬೆಲ್ಲಕ್ಕ ತೂಗಂತ ಹೇಳು ಅಕಿಗೆ. ಆಮ್ಯಾಲ ಬೇಕಾದ್ರ ಬೆಲ್ಲಾನ ಕಬ್ಬಿಣಕ್ಕ ತೂಗಿಕೊಳ್ಳಲಿ. ಬೆಲ್ಲಕ್ಕ ಶನಿ ಹಿಡುದ್ರ ನನಗೇನು ದುಃಖಿಲ್ಲ."

ನಾನು ತಮಾಷೆ ಮಾಡುತ್ತಿದ್ದೇನೆಂದು ನರ್ಸಮ್ಮನಿಗೆ ಅನುಮಾನ. ಹೇಗೆ ತೂಗಿದರೂ ಲೆಕ್ಕ ಒಂದೇ ಎಂದು ಹೊಳೆದಾಗ ಜೋರಾಗಿ ನಕ್ಕು ಒಪ್ಪಿದಳು. ಆ ನಗುವನ್ನೂ ಅತ್ತೆ ನಂಬಲಿಲ್ಲ. "ಯಾಕ ನಗ್ತಾಳ?" ಎಂದು ನನ್ನನ್ನು ಚಿವುಟಿದಳು.

ಕೂಸನ್ನೇನೋ ತೂಗಿದ್ದಾಯಿತು. ಆದರೆ ಹಾಲಿನ ಪುಡಿಯನ್ನು ಅತ್ತೆ ಮೂಸಿ ದೂರ ತಳ್ಳಿದಳು. "ಹಾಲು ಎಲ್ಲ್ಯಾರ ಹಿಟ್ಟಾಗ್ತೈತೇನು? ಎಲುಬು ಅರದಾರ ಇದು." ನಾನು ಹಟದಿಂದ ಡಬ್ಬಿಯನ್ನು ಹೊತ್ತು ತಂದರೆ, ಹೊಸ್ತಿಲು ದಾಟಿಸಗೊಡಲಿಲ್ಲ. ಕೂಸಿನ ತೂಕಕ್ಕೆ ಸರಿಬಂದ ಬೆಲ್ಲವನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಿ ಜೋಪಾನವಾಗಿಟ್ಟಳು. ಬರುವ ವಾರ ನರ್ಸಮ್ಮ ಬೊಟ್ಟು ಬದಲಾಯಿಸಿ ಮೋಸ ಮಾಡಿದರೆ ಹಿಡಿಯಬೇಕಲ್ಲ!

ಮರುವಾರ ಅದೇ ಬೆಲ್ಲದ ಗಂಟನ್ನು ಬಿಚ್ಚಿ ತಟ್ಟೆಗೆ ಹಾಕಿದಳು. ಇನ್ನೊಂದರಲ್ಲಿ ಕೂಸನ್ನು ಮಲಗಿಸಿದೆ. ಬೆಲ್ಲದ ತಟ್ಟೆ ಸರಕ್ಕನೆ ಕೆಳಗಿಳಿಯಿತು, ಕೂಸು ಮೇಲಕ್ಕೆ ಹೋಯಿತು. ನರ್ಸಮ್ಮ ಏನು ಹೇಳಿದ್ದರೂ ಅತ್ತೆ ನಂಬುತ್ತಿರಲಿಲ್ಲ. ತಾನೇ ಒಂದು ತುಂಡು ಮುರಿದು ತೆಗೆದಳು. ಸಾಲಲಿಲ್ಲ. ಇನ್ನೊಂದು ತೆಗೆದಳು. ತಟ್ಟೆಗಳು ಸಮವಾದಾಗ ಅವಳ ಬೊಗಸೆಯಲ್ಲಿ ಬೆಲ್ಲ ಉಳಿದಿತ್ತು. ಅದನ್ನೇ ನೋಡುತ್ತ ನಿಂತಳು.

"ಇಷ್ಟು ಹೋತೇನ ನನ್ನ ಕೂಸು?" ಎಂದಳು. ಆಮೇಲೆ ನನ್ನ ಕಡೆ ತಿರುಗದೆಯೇ, "ಪುಡಿ ಕುಡಸೋಣು ನಡಿ" ಎಂದಳು.

ಕೂಸು ಪುಡಿಯ ಹಾಲು ಕುಡಿಯಿತು, ಕಕ್ಕಲೂ ಇಲ್ಲ. ಆದರೆ ಜೀವ ಹಿಡಿದುಕೊಳ್ಳುವ ಶಕ್ತಿ ಅದರಲ್ಲಿ ಉಳಿದಿರಲಿಲ್ಲ. ಕೆಲವು ದಿನ ಕಳೆದು ಒಂದು ಮುಂಜಾನೆ ಅತ್ತೆಯ ತೊಡೆಯ ಮೇಲೆಯೇ ಹೋಯಿತು.

ಊರಲ್ಲಿ ಮಾತು ಹುಟ್ಟಲು ಎಷ್ಟು ಹೊತ್ತು? ತಕ್ಕಡಿಗೆ ಹಾಕಿದರು, ಪುಡಿ ಕುಡಿಸಿದರು, ಕೂಸು ಸತ್ತಿತು. ನರ್ಸಮ್ಮ ಪೆಟ್ಟಿಗೆ ಕಟ್ಟಿ ಸಿರುಗುಪ್ಪಕ್ಕೆ ಹೋಗುವ ಮಾತಾಡಿದಳು. ಅತ್ತೆ ನನ್ನನ್ನು ಹೊರಗೆ ಹಾಕುತ್ತಾಳೆಂದು ನಾನೂ ಬಟ್ಟೆ ಮಡಚಿಟ್ಟೆ.

ಮತ್ತೆ ತೂಗುವ ದಿನ ಬಂತು. ಹೆಂಗಸರೆಲ್ಲ ಬೈಯಲೆಂದೇ ಆಸ್ಪತ್ರೆಯ ಮುಂದೆ ಸೇರಿದ್ದರು. ಜ್ವರ ಬಿಟ್ಟು ಎದ್ದಿದ್ದ ಅತ್ತೆಯ ಮಗಳೂ ಅವರ ನಡುವೆ ಇದ್ದಳು. ಅತ್ತೆ ಬೆಲ್ಲದ ಬುಟ್ಟಿ ಹೊತ್ತು ಬಂದು ತಕ್ಕಡಿಯ ಪಕ್ಕ ಇಳಿಸಿದಳು.

"ತಕ್ಕಡಿ ಕೊಂದಿಲ್ಲ" ಎಂದಳು. "ಪುಡಿನೂ ಕೊಂದಿಲ್ಲ. ಒಂದು ವಾರ ಮದ್ಲ ಕುಡಿಸಿದ್ರ ಉಳೀತಿತ್ತೋ ಏನೋ. ಡಬ್ಬಿ ಹೊಸ್ತಿಲ ಹೊರಗ ಇಟ್ಟಾಕಿ ನಾನು."

ಬೈಯಲು ಬಂದವರಲ್ಲೇ ಒಬ್ಬಳು ಮುಂದೆ ಬಂದು ತನ್ನ ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಅದನ್ನು ತಟ್ಟೆಯಲ್ಲಿ ಮಲಗಿಸಿ, ಬೆಲ್ಲ ಎತ್ತಿಕೊಂಡಳು. ಆಮೇಲೆ ನರ್ಸಮ್ಮ ಕುರುಗೋಡಿನಲ್ಲಿ ಇದ್ದಷ್ಟು ದಿನವೂ ಆ ಕೆಲಸ ಅತ್ತೆಯದೇ. ನರ್ಸಮ್ಮನನ್ನು ಮಾತ್ರ ಅವಳು ಕೊನೆಯವರೆಗೂ ನಂಬಲಿಲ್ಲ.

ಅವಳು ಸುಮ್ಮನಿದ್ದಿದ್ದರೆ ಊರು ತಕ್ಕಡಿಯನ್ನು ಬೈದುಕೊಂಡು ಇರುತ್ತಿತ್ತು, ಮಗಳೂ ಬೈದುಕೊಂಡು ಇರುತ್ತಿದ್ದಳು. ಮುಂದೆ ನಾನು ಎಷ್ಟೋ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದೆ. ಬಾಯಿಬಿಟ್ಟು ತಪ್ಪು ಒಪ್ಪುವ ಧೈರ್ಯ ಬೇಕಾದಾಗಲೆಲ್ಲ ಅವಳನ್ನೇ ನೆನೆದಿದ್ದೇನೆ. ಮಗಳು, ಅತ್ತೆ ಆ ಮಾತಾಡಿದ ವಾರವೇ ಗಂಡನ ಊರಿಗೆ ಹೋದವಳು ಮತ್ತೆ ತವರಿನ ಕಡೆ ಕಾಲಿಡಲಿಲ್ಲ. ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದಾಗ ಹೇಳಿ ಕಳಿಸಿದೆವು, ಬರಲಿಲ್ಲ. ಕೊನೆಗೆ ಬಾಯಿಗೆ ನೀರು ಬಿಟ್ಟವಳು ನಾನು.