ಪಕ್ಕದ ಮನೆಯ ಟಿವಿ

ಎರ್ನಾಕುಲಂನ ಕ್ವಾರ್ಟರ್ಸಿನಲ್ಲಿ ನಮಗೂ ಪಕ್ಕದ ಮನೆಯ ಚೇಚಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಟಿವಿ ಆ ಗೋಡೆಗೆ ತಾಗಿಯೇ ಇತ್ತು. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಅವರ ಮನೆಯ ಸಿನಿಮಾ ಕೇಳುತ್ತಿದ್ದೆ. ನನ್ನ ತವರು ಪುತ್ತೂರು ಕಡೆ. ಮಲಯಾಳ ಕಲಿತದ್ದು ಹೆಚ್ಚಾಗಿ ಆ ಗೋಡೆಯಿಂದಲೇ, ಅಕ್ಕನಿಗೆ ಚೇಚಿ, ಮಗಳಿಗೆ ಮೋಳ್ ಅನ್ನುವುದನ್ನೂ.

ಮರುದಿನ ಹಿಂದಿನ ವರಾಂಡದಲ್ಲಿ ಬಟ್ಟೆ ಒಣಗಿಸುವಾಗ ಚರ್ಚೆ. ಚೇಚಿಗೆ ತಮಾಷೆಯ ಸಿನಿಮಾ ಬೇಕು. ನನಗೆ ಕಣ್ಣೀರಿನದ್ದು, ಕನ್ನಡವೋ ತಮಿಳೋ ಹಿಂದಿಯೋ, ಯಾವುದಾದರೂ ಸರಿ.

"ನಿನ್ನ ಸಿನಿಮಾದಲ್ಲಿ ಆ ಹೆಂಗಸು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಅರ್ಧ ಗಂಟೆಯಲ್ಲಿ ಮುಗೀತಿತ್ತು, ಮೋಳೇ."

"ನಿಮ್ಮದರಲ್ಲಿ ಆ ಗಂಡಸು ಒಂದು ಸುಳ್ಳು ಹೇಳದಿದ್ದರೆ ಶುರುವೇ ಆಗ್ತಿರಲಿಲ್ಲ, ಚೇಚಿ."

ಅವರು ಮಾತಾಡುತ್ತಿದ್ದದ್ದು ಮಲಯಾಳ. ನನಗೆ ನೆನಪಿರುವುದು ಕನ್ನಡದಲ್ಲಿ.

ಆ ವರ್ಷ ಅಕ್ಟೋಬರಿನಲ್ಲಿ ನನಗೆ ಎಂಟು ತಿಂಗಳು ತುಂಬಿತ್ತು. ಹೊಟ್ಟೆಯೊಳಗೆ ಅಲುಗಾಟ ನಿಂತಿತು ಎಂದು ಆಸ್ಪತ್ರೆಗೆ ಹೋದೆವು. ಹುಟ್ಟಿದ್ದು ಹೆಣ್ಣು. ಅಳಲಿಲ್ಲ. ನರ್ಸ್ ಒಮ್ಮೆ ತೋರಿಸಿದರು, ತಲೆ ತುಂಬ ಕೂದಲಿತ್ತು. ತೋರಿಸದೆಯೂ ಇರಬಹುದಿತ್ತು, ತೋರಿಸಿದ್ದೊಂದು ದಯೆ. ಎದೆಹಾಲು ಬೇಗ ಬತ್ತಿತು. ಅದನ್ನೂ ದೇವರ ದಯೆ ಅಂತಲೇ ಇಟ್ಟುಕೊಂಡೆ. ಅಳು ಮಾತ್ರ ಬರಲಿಲ್ಲ. ಸಿನಿಮಾದ ತಾಯಂದಿರಿಗೆಲ್ಲ ಸೆರಗು ಒದ್ದೆ ಮಾಡಿಕೊಂಡವಳು ನಾನು.

ಕಾಸರಗೋಡಿನಿಂದ ಇವರ ದೊಡ್ಡಮ್ಮ ಫೋನ್ ಮಾಡಿದರು. "ಉಸಿರಾಡದ ಮಗುವಿಗೆ ಸಾವಿನ ಸೂತಕ ಇಲ್ಲ ಮಗಾ. ಹೆರಿಗೆಯ ಅಮೆ ಮಾತ್ರ, ಹತ್ತು ದಿನದ ಮೈಲಿಗೆ. ಅದು ಕಳೆದ ಮೇಲೆ ಮಿಂದು ದೇವರಿಗೆ ದೀಪ ಇಡು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇನ್ನೊಂದು ಆಗ್ತದೆ."

ಅವರು ಕೆಟ್ಟವರಲ್ಲ. ಶಾಸ್ತ್ರ ಇದ್ದದ್ದು ಹಾಗೆ. ಬಂದುಹೋದ ಎಲ್ಲರೂ "ಹೀಗಾಗಬಾರದಿತ್ತು" ಅಂದರು, "ಮುಂದೆ ಒಳ್ಳೆಯದಾಗಲಿ" ಅಂದರು. ನಮ್ಮ ಮನೆಯಲ್ಲೊಂದು ಸಾವಾಗಿದೆ ಎಂದು ಯಾರೂ ಹೇಳಲಿಲ್ಲ. ಒಬ್ಬರು ಹೇಳಿದರೆ ಸಾಕಿತ್ತು ನನಗೆ. ಕೇಳಿ ಪಡೆಯುವ ಮಾತೇ ಅದು?

ಹತ್ತು ದಿನದ ಅಮೆ ಕಳೆಯಿತು. ಮಿಂದು ದೀಪ ಇಟ್ಟೆ. ಸಂಜೆ ಇವರು ವಿಲ್ಲಿಂಗ್ಡನ್ ಐಲ್ಯಾಂಡಿನ ಆಫೀಸಿನಿಂದ ಬರುವಾಗ ಸಿಡಿ ಅಂಗಡಿಯಿಂದ ಒಂದು ತಮಾಷೆ ಸಿನಿಮಾ ತಂದರು. "ಸ್ವಲ್ಪ ನೋಡು ಮಾರಾಯ್ತಿ, ಮನಸ್ಸು ಹಗುರ ಆಗ್ತದೆ," ಅಂದರು. ನೋಡಿದೆ. ಒಬ್ಬ ಕೆಸರಿಗೆ ಬಿದ್ದ, ಇನ್ನೊಬ್ಬ ಅವನ ಮೇಲೆ ಬಿದ್ದ. ಬಾಗಿಲ ಒಳಗೆ ನೀಲಿ ಇದ್ದ ನಾಯಕನ ಅಂಗಿ ಹೊರಗೆ ಬರುವಾಗ ಹಸಿರಾಗಿತ್ತು. ಅದನ್ನೇ ಗಮನಿಸುತ್ತ ಕೂತಿದ್ದೆ.

ಚೇಚಿ ದಿನವೂ ತರುವಂತೆ ಗಂಜಿ ತಂದರು. ಬಾಗಿಲಲ್ಲೇ ನಿಂತು ನಮ್ಮ ಟಿವಿ ನೋಡಿದರು.

"ನೀವು ಹಾಕಿದ್ದೀರಾ?"

"ಯಾಕೆ ಚೇಚಿ?" ಅಂದರು ಇವರು.

"ನಾನು ಹಾಕಿಲ್ಲ. ಹುಡುಗರು ಕ್ರಿಕೆಟ್ ಕ್ರಿಕೆಟ್ ಅಂತ ನನ್ನ ತಲೆ ತಿಂತಿದ್ದಾರೆ. ಹದಿನಾರು ದಿನ ಕಳೆಯಲಿ, ಆಮೇಲೆ ಎಷ್ಟು ಬೇಕಾದರೂ ನೋಡಿ ಅಂದಿದ್ದೇನೆ."

ಆಗಲೇ ನನಗೆ ಹೊಳೆದದ್ದು: ಇಷ್ಟು ದಿನ ಗೋಡೆಯಾಚೆ ಸದ್ದೇ ಇರಲಿಲ್ಲ.

"ನಮ್ಮಲ್ಲಿ ಇದಕ್ಕೆ ಸೂತಕ ಅಂತ ಇಲ್ಲ ಚೇಚಿ," ಇವರು ಮೆಲ್ಲಗೆ ಹೇಳಿದರು. "ಉಸಿರಾಡಿರಲಿಲ್ಲವಲ್ಲ."

"ನಿಮ್ಮ ಸೂತಕದ ವಿಷಯ ನಂಗೆ ಗೊತ್ತಿಲ್ಲ ಸಾರ್. ನಮ್ಮಲ್ಲಿ ಸಾವಿಗೆ ಹದಿನಾರು ದಿನ. ಪಕ್ಕದ ಮನೆಯಲ್ಲಿ ಕೂಸು ಸತ್ತಿದೆ. ನಾನು ಹೇಗೆ ಟಿವಿ ಹಾಕಲಿ?"

ಗಂಜಿ ಮೇಜಿನ ಮೇಲಿಟ್ಟು, ಉಪ್ಪು ಕಡಿಮೆ ಇರಬಹುದು ಅಂದು ಹೋದರು.

ನಾನು ಎದ್ದು ಟಿವಿ ಆರಿಸಿದೆ. ಆಗಲೂ ಅಳು ಬರಲಿಲ್ಲ. ಗಂಜಿ ಮಾತ್ರ ಪೂರ್ತಿ ಉಂಡೆ, ಅಷ್ಟು ದಿನಗಳಲ್ಲಿ ಮೊದಲ ಸಲ.

ಆಮೇಲೆ ಬೆಳಿಗ್ಗೆ ದೊಡ್ಡಮ್ಮ ಹೇಳಿದಂತೆ ದೀಪ, ಸಂಜೆ ಚೇಚಿಯ ಲೆಕ್ಕದಂತೆ ಟಿವಿ ಬಂದ್. "ಎರಡೂ ಒಟ್ಟಿಗೆ ಹೇಗೆ ಸರಿಯಾಗ್ತದೆ?" ಎಂದು ಇವರು ಕೇಳಿದರು. "ದೇವರು ಏನೂ ಹೇಳಲಿಲ್ಲ," ಅಂದೆ. ಹದಿನಾರು ಕಳೆದ ಸಂಜೆ ಗೋಡೆಯಾಚೆ ಕ್ರಿಕೆಟ್ ಶುರುವಾಯಿತು. ವರಾಂಡದಲ್ಲಿ ಸಿನಿಮಾದ ಚರ್ಚೆಯೂ ಮತ್ತೆ ಶುರುವಾಯಿತು. ಚೇಚಿ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ಇವರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಚಾಲೈ ಪೇಟೆಯ ಹಿಂದಿನ ಹಳೆಯ ಬಾಡಿಗೆಮನೆ. ಗೋಡೆ ಎಷ್ಟು ದಪ್ಪ ಎಂದರೆ ಪಕ್ಕದವರು ಇದ್ದಾರೋ ಇಲ್ಲವೋ ತಿಳಿಯದು. ಚೇಚಿ ಆಗಾಗ ಫೋನ್ ಮಾಡಿ ಹೊಸ ಸಿನಿಮಾದ ಕಥೆಯನ್ನು ಕೊನೆಯವರೆಗೂ ಹೇಳಿಬಿಡುತ್ತಿದ್ದರು. ಪ್ರತಿ ವರ್ಷ ಅಕ್ಟೋಬರಿನಲ್ಲಿ ಒಂದು ದಿನ ಮಾತ್ರ ಕಥೆ ಹೇಳುತ್ತಿರಲಿಲ್ಲ. ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತಿದ್ದರು.

ಐದನೆಯ ಸಲ ಹಾಗೆ ಫೋನ್ ಬಂದಾಗ ಇವರು ಪೇಪರ್ ಓದುತ್ತಿದ್ದರು. "ಯಾರು, ಚೇಚಿಯಾ? ಯಾವ ಸಿನಿಮಾ ಅಂತೆ?"

"ಸಿನಿಮಾ ಇಲ್ಲ ಇವತ್ತು."

ಇವರು ಕ್ಯಾಲೆಂಡರಿನ ಕಡೆ ನೋಡಿದರು. ಪೇಪರ್ ಮಡಚಿಟ್ಟು ಅಂದರು, "ಈಗ ಒಂದನೇ ಕ್ಲಾಸಿನಲ್ಲಿ ಇರ್ತಿದ್ದಳು."

"ಇಲ್ಲ," ಅಂದೆ. "ಯುಕೆಜಿ. ಒಂದನೇ ಕ್ಲಾಸು ಬರುವ ಜೂನಿಗೆ."

"ಹೌದಾ," ಅಂದರು ಇವರು.