ಬೇವು ತಿಂದ ಮುಖದ ‘ಬ’

ತೊಂಬತ್ತರ ದಶಕದ ಕೊನೆಯಲ್ಲಿ, ಕುಂಬಾರಕೊಪ್ಪಲಿನ ನಮ್ಮ ಬಾಡಿಗೆ ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಷೀಟು ಹೊದೆಸಿ ನಾನೊಂದು ಶಿಶುವಿಹಾರ ತೆರೆದೆ. ಮಕ್ಕಳು ಆರು. ನಾನು ಆಗಷ್ಟೇ ನರ್ಸರಿ ತರಬೇತಿ ಮುಗಿಸಿದ್ದೆ. ಆಗಷ್ಟೇ ತರಬೇತಿ ಮುಗಿಸಿದವರಿಗೆಲ್ಲ ಇರುವಂತೆ, ಲೋಕದ ಉಳಿದ ಟೀಚರುಗಳೆಲ್ಲ ದಡ್ಡರು ಎಂಬ ನಂಬಿಕೆ ನನಗೂ ಇತ್ತು. ಸ್ಲೇಟು ಬಳಪ ಹಿಡಿಸಿ ತಿದ್ದಿಸುವುದು ನನ್ನ ಜಾಯಮಾನವಲ್ಲ. ಅಕ್ಷರವನ್ನು ಮಕ್ಕಳು ಮುಟ್ಟಬೇಕು, ಮೂಸಬೇಕು, ಸಾಧ್ಯವಾದರೆ ತಿನ್ನಲೂ ಬೇಕು ಎಂದು ಕಂಡಕಂಡವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ.

ಬಡಾವಣೆಯ ಹೆಸರಲ್ಲೇ ಕುಂಬಾರ ಇರುವಾಗ ಜೇಡಿಮಣ್ಣಿಗೇನು ಬರ ಎಂದುಕೊಂಡು ಎರಡು ದಿನ ಅಲೆದೆ. ಕೊನೆಗೆ ಸಿಕ್ಕಿದ್ದು ಎದುರು ಮನೆಯವರು ಮಹಡಿ ಕಟ್ಟಿಸಲು ಸುರಿಸಿದ್ದ ಮರಳು. ಕೇಳಿ ಎರಡು ಬಾಂಡ್ಲಿ ತಂದು ಹಳೇ ತಟ್ಟೆಗಳಲ್ಲಿ ಹರಡಿದೆ. ಮೊದಲು ನೀರು ಚಿಮುಕಿಸಿದ ಮರಳಲ್ಲಿ ಬೆರಳಾಡಿಸಿ ಅಕ್ಷರ ಬರೆಯಬೇಕು, ಆಮೇಲೆ ಆ ಅಕ್ಷರದ ವಸ್ತುವಿನ ಜೊತೆ ಆಟ. ‘ಬ’ ಬಂದರೆ ಬೇವಿನೆಲೆ ಅಗಿಯುವುದು, ‘ಹ’ ಬಂದರೆ ಹುಣಸೆಹಣ್ಣು ಚೀಪುವುದು. ‘ಗ’ಕ್ಕೆ ಗರಿಕೆ ತಂದು ಒಬ್ಬರ ಕತ್ತಿಗೆ ಇನ್ನೊಬ್ಬರು ಕಚಗುಳಿ ಇಡುವುದು. ‘ತ’ಕ್ಕೆ ತುಂಬೆ ಹೂವಿನ ಬುಡ ಹೀರುವುದು, ‘ಕ’ಕ್ಕೆ ಕರಿಬೇವಿನೆಲೆ ಹೊಸಕಿ ಮೂಸುವುದು. ಬೇವಿನ ದಿನ ಇಬ್ಬರು ಅತ್ತರು, ಒಬ್ಬ ನನ್ನ ಸೀರೆಯ ಮೇಲೇ ಉಗಿದ. ನಾನು ಮಾತ್ರ ಅದನ್ನು ಪ್ರಗತಿ ಎಂದೇ ಲೆಕ್ಕ ಹಿಡಿದೆ.

ತೊಂದರೆ ಬಂದದ್ದು ನಮ್ಮ ಮನೆಯ ಮಹಡಿಯಿಂದ. ಮೇಲಿನ ಮನೆಯಲ್ಲಿದ್ದವರಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಅವರು ಮಲಗುವ ಹೊತ್ತಿಗೆ ಸರಿಯಾಗಿ ನನ್ನ ಆರು ಮಕ್ಕಳು ಒಕ್ಕೊರಲಿನಿಂದ ‘ಗ’ ಎಂದು ಕಿರುಚುತ್ತಿದ್ದರು. ಒಂದು ದಿನ ಅವರು ಲುಂಗಿ ಬನೀನಿನಲ್ಲೇ ಇಳಿದು ಬಂದು, “ಮೇಡಂ, ಮಕ್ಳು ಓದ್ಲಿ, ಬೇಡ ಅನ್ನಲ್ಲ. ಸದ್ದಿಲ್ದೆ ಓದೋಕಾಗಲ್ವಾ?” ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಆತ ಮನೆ ಮಾಲೀಕರ ಷಡ್ಡಕ. ಹಲ್ಲು ಕಚ್ಚಿಕೊಂಡು ಹೊಸ ಆಟ ಹುಡುಕಿದೆ. ನಾನು ಅಕ್ಷರದ ಕಾರ್ಡು ಎತ್ತಿ ಹಿಡಿದರೆ ಮಕ್ಕಳು ಬಾಯಲ್ಲಿ ಹೇಳಬಾರದು, ಮುಖದಲ್ಲಿ ತೋರಿಸಬೇಕು. ಬಾಯಿ ಬಿಟ್ಟವರು ಔಟ್. ‘ಬ’ ಕಂಡರೆ ಕಹಿ ಮುಖ. ‘ಹ’ ಕಂಡರೆ ಒಂದು ಕಣ್ಣು ಮುಚ್ಚಿ ನಾಲಿಗೆ ಚಪ್ಪರಿಸುವುದು. ಮಕ್ಕಳು ಈ ಆಟಕ್ಕೆ ಎಷ್ಟು ಒಗ್ಗಿದರೆಂದರೆ, ಮಹಡಿಯವರು ಊರಿಗೆ ಹೋದ ವಾರವೂ ಯಾರೊಬ್ಬರೂ ತುಟಿ ಬಿಚ್ಚಲಿಲ್ಲ.

ಆರರಲ್ಲಿ ಒಬ್ಬಳು ಐದೂವರೆ ವರ್ಷದವಳು. ಅವಳ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಿದ್ದರಿಂದ ಅಜ್ಜಿಯೇ ಕರೆತರುತ್ತಿದ್ದರು. ಬಿಟ್ಟು ಹೋಗುತ್ತಿರಲಿಲ್ಲ. ನಮ್ಮ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು, ಮೊಮ್ಮಗಳ ಲಂಗ ಕೊಳೆಯಾಗದಂತೆ ಮಧ್ಯಾಹ್ನದವರೆಗೂ ಕಾವಲು ಕೂರುತ್ತಿದ್ದರು. ಕಾವಲಿನ ಜೊತೆಗೆ ವಿಮರ್ಶೆಯೂ ಉಂಟು.

“ಮಣ್ಣಾಡೋಕೆ ಇಲ್ಲಿಗ್ ಕರ್ಕೊಂಡ್ ಬರ್ಬೇಕಾ ಕಣಮ್ಮ? ನಮ್ಮನೆ ಮುಂದೇನೆ ಬೇಕಾದಷ್ಟು ಬಿದ್ದದೆ.”

“ಅದು ಮಣ್ಣಲ್ಲ ಅಜ್ಜಿ, ಅಕ್ಷರ.”

“ಅಕ್ಷರ ಅಂಗೆಲ್ಲ ತೊಡೆಗೆ ಮೆತ್ಕಳಾಕಿಲ್ಲ.”

ಇಷ್ಟೆಲ್ಲ ಅಂದವರು, ಕರಿಬೇವು ಮುಗಿದಿದೆ ಎಂದು ನಾನು ಗೊಣಗಿದ ಮರುದಿನ ತಮ್ಮ ಹಿತ್ತಲಿನದನ್ನೇ ಸೆರಗಿನಲ್ಲಿ ಕಟ್ಟಿ ತಂದರು. ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

ಬೇಸಿಗೆಯ ಹೊತ್ತಿಗೆ ಈ ಹುಡುಗಿಯನ್ನು ಒಂದನೇ ತರಗತಿಗೆ ಸೇರಿಸುವ ಮಾತು ಬಂತು. ಪೇಟೆಯ ಕಡೆ ಅವರಪ್ಪ ಆಸೆಪಟ್ಟಿದ್ದ ಶಾಲೆಯಲ್ಲಿ ಮಗುವಿಗೆ ಅಕ್ಷರ ಬರುತ್ತದೆಯೇ ಎಂದು ನೋಡಿಯೇ ಸೀಟು ಕೊಡುತ್ತಿದ್ದರು. ಉಳಿದ ಐವರ ತಾಯಂದಿರೂ ಇದನ್ನೇ ಕಾಯುತ್ತಿದ್ದರು. “ಇವ್ಳಿಗೆ ಸಿಕ್ಕಿದ್ರೆ ಸರಿ, ಇಲ್ದಿದ್ರೆ ನಾವೂ ಸ್ಲೇಟ್ ಇರೋ ಕಡೆ ನೋಡ್ಕೋತೀವಿ ಮೇಡಂ” ಎಂದು ಒಬ್ಬಾಕೆ ನನ್ನ ಮುಖಕ್ಕೇ ಹೇಳಿದರು. ಅಂದರೆ ಆ ಹುಡುಗಿ ಫೇಲಾದರೆ ನನ್ನ ಶಿಶುವಿಹಾರಕ್ಕೆ ಅವತ್ತೇ ಬೀಗ. ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. “ನೀವೂ ಬನ್ನಿ. ಮಣ್ ಮೆತ್ಸಿದೋರು ನೀವೇ ತಾನೆ?”

ಹೊರಟೆವು. ನಿಲ್ದಾಣದಲ್ಲಿ ಬಂದ ಬಂದ ಬಸ್ಸಿಗೆಲ್ಲ ಅಜ್ಜಿ ಪಕ್ಕದಲ್ಲಿದ್ದವರನ್ನು, “ಇದು ಎಲ್ಲಿಗೋಯ್ತದಪ್ಪ? ಕನ್ನಡ್ಕ ಮರ್ತ್ಬುಟ್ಟು ಬಂದಿವ್ನಿ” ಎಂದು ಕೇಳುತ್ತಿದ್ದರು. ಅವರಿಗೆ ಕನ್ನಡಕವೇ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಶಾಲೆಯ ಹೆಡ್‌ಮಿಸ್ ಗಂಭೀರ ಹೆಂಗಸು. ಮೇಜಿನ ಮೇಲೆ ಕಾರ್ಡುಗಳ ಕಟ್ಟಿತ್ತು. ಮೊದಲನೆಯದನ್ನು ಎತ್ತಿ, “ಇದೇನು ಪುಟ್ಟಿ?” ಎಂದರು. ಅದು ‘ಬ’.

ನಮ್ಮ ಹುಡುಗಿ ಮುಖವನ್ನೆಲ್ಲ ಹಿಂಡಿ, ಹಣೆ ಸುಕ್ಕು ಮಾಡಿ, ನಾಲಿಗೆ ಹೊರಗೆ ಹಾಕಿದಳು.

ಹೆಡ್‌ಮಿಸ್ ಎರಡನೆಯದನ್ನು ಎತ್ತಿದರು. ‘ಹ’. ಹುಡುಗಿ ಒಂದು ಕಣ್ಣು ಮುಚ್ಚಿ ನಾಲಿಗೆ ಚಪ್ಪರಿಸಿದಳು. “ಮಗು ಕಣ್ಣು ಹೊಡೀತಿದೆಯಲ್ಲ” ಎಂದರು ಹೆಡ್‌ಮಿಸ್, ನನ್ನನ್ನೇ ದುರುಗುಟ್ಟಿ ನೋಡುತ್ತಾ. ಮೂರನೆಯದು ‘ಗ’. ಹುಡುಗಿ ಭುಜ ಕುಗ್ಗಿಸಿ ಕುಲುಕುಲು ಅಲುಗಿದಳು, ನಕ್ಕರೂ ಸದ್ದು ಬರದ ಹಾಗೆ. “ಬಾಯಲ್ಲಿ ಹೇಳು ಚಿನ್ನ” ಎಂದು ನಾನು ಗೋಗರೆದೆ. ಅವಳು ನನ್ನತ್ತ ಒಮ್ಮೆ ಜಾಣತನದಿಂದ ನೋಡಿ ತುಟಿಗಳನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ನಾನು ಅವಳನ್ನು ಔಟ್ ಮಾಡಲು ಹೊಂಚು ಹಾಕಿದ್ದೇನೆ ಎಂದುಕೊಂಡಿರಬೇಕು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಮಹಡಿಯವರನ್ನು, ಅವರ ನಿದ್ದೆಯನ್ನು, ನನ್ನ ತಲೆಹರಟೆ ಬುದ್ಧಿಯನ್ನು ಮನಸ್ಸಿನಲ್ಲೇ ಶಪಿಸಿದೆ.

ಹೆಡ್‌ಮಿಸ್ ಕಾರ್ಡುಗಳನ್ನು ಜೋಡಿಸಿಡತೊಡಗಿದರು. “ಅಕ್ಷರ ಬರಲ್ಲ ಅಂತ ಕಾಣುತ್ತೆ. ಮುಂದಿನ ವರ್ಷ ನೋಡೋಣ.”

ಹಿಂದೆ ಕುಳಿತಿದ್ದ ಅಜ್ಜಿ ಎದ್ದರು. “ಯಾಕೆ ಬರಾಕಿಲ್ಲ? ಮೂರೂ ಹೇಳುದ್ಲಲ್ಲ. ಬ, ಹ, ಗ.”

“ನೀವು ಹೇಳಿಕೊಡಬಾರದು ಅಜ್ಜಿ.”

“ನಾನೆಲ್ಲಿ ಹೇಳ್ಕೊಟ್ಟೆ ಕಣಮ್ಮ? ಅವ್ಳು ಹೇಳಿದ್ದ ನಿಮಗ್ ಹೇಳ್ದೆ.”

ಹೆಡ್‌ಮಿಸ್ ಅಜ್ಜಿಯನ್ನು ತಮ್ಮ ಮೇಜಿನ ಪಕ್ಕಕ್ಕೆ ಕರೆದು, ಕಾರ್ಡು ಕಾಣದಂತೆ, ಮೊಮ್ಮಗಳ ಮುಖ ಮಾತ್ರ ಕಾಣುವಂತೆ ನಿಲ್ಲಿಸಿದರು. ಕಾರ್ಡುಗಳನ್ನು ಕಲೆಸಿ ಒಂದನ್ನು ಎತ್ತಿದರು. ಹುಡುಗಿ ತುಟಿ ಮುಂದೆ ಮಾಡಿ ಹೀರಿದಳು. “ತ” ಎಂದರು ಅಜ್ಜಿ. ಇನ್ನೊಂದು. ಹುಡುಗಿ ಹೆಬ್ಬೆರಳು ತೋರುಬೆರಳು ಹೊಸಕಿ ಮೂಗಿಗೆ ಹಿಡಿದಳು. “ಕ” ಎಂದರು ಅಜ್ಜಿ. ಮೂರನೆಯದಕ್ಕೆ ಹುಡುಗಿ ಏನೂ ಮಾಡದೆ ಕಣ್ಣು ಪಿಳಿಪಿಳಿ ಬಿಟ್ಟಳು. “ಅದು ನಮ್ಗಿನ್ನೂ ಬಂದಿಲ್ಲ ಕಣಮ್ಮ” ಎಂದರು ಅಜ್ಜಿ. ಕಾರ್ಡಿನಲ್ಲಿದ್ದದ್ದು ‘ಣ’. ನಾನು ನಿಜಕ್ಕೂ ಅದನ್ನು ಕಲಿಸಿರಲಿಲ್ಲ. ‘ಣ’ದಿಂದ ಶುರುವಾಗುವ ಸೊಪ್ಪು ಎಲ್ಲಿಂದ ತರಲಿ?

ಹನ್ನೊಂದು ಕಾರ್ಡು ಆಯಿತು, ಒಂದೂ ತಪ್ಪಲಿಲ್ಲ. ಹೆಡ್‌ಮಿಸ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗು ತಡೆದೂ ತಡೆದೂ ಅವರ ಕಣ್ಣಲ್ಲಿ ನೀರು ಬಂದಿತ್ತು. ಅರ್ಜಿಗೆ ಸಹಿ ಹಾಕುತ್ತಾ, “ಬಾಯಿ ಬಿಡೋದು ನಾವು ಕಲಿಸ್ಕೋತೀವಿ ಬಿಡಿ. ಆದ್ರೆ ಇನ್ಮೇಲೆ ಮಕ್ಕಳಿಗೆ ಮಾತಾಡೋಕೂ ಬಿಡಿ, ಮೇಡಂ” ಎಂದರು. ನಾನು ತಲೆ ತಗ್ಗಿಸಿ ಹೂಂಗುಟ್ಟಿದೆ. ಉಳಿದ ಟೀಚರುಗಳ ದಡ್ಡತನದ ಬಗ್ಗೆ ಆಮೇಲೆ ನಾನು ಭಾಷಣ ಮಾಡಿಲ್ಲ.

ಮರಳುವಾಗ ಬಸ್ ನಿಲ್ದಾಣದಲ್ಲಿ ನನಗೆ ನೆಲದ ಮೇಲೆ ಕಾಲಿರಲಿಲ್ಲ. ಶಿಶುವಿಹಾರ ಉಳಿಯಿತು, ಐವರೂ ಉಳಿದರು ಎಂದು ಲೆಕ್ಕ ಹಾಕುತ್ತಿದ್ದೆ. ಎರಡು ಬಸ್ಸು ಬಂದು ಹೋದವು. ಅಜ್ಜಿ ಯಾರನ್ನೂ ಏನೂ ಕೇಳಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದೇ ಮೂರನೆಯದು ಬಂದಾಗ. ಅಜ್ಜಿ ಮುಂದೆ ಹೋಗಿ, ಕತ್ತೆತ್ತಿ ಅದರ ಹಣೆಯ ಬೋರ್ಡಿನ ಮೊದಲ ಅಕ್ಷರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳು ತೋರುಬೆರಳು ಮೆಲ್ಲಗೆ ಹೊಸಕಿ, ಮೂಗಿಗೆ ಹಿಡಿದರು.

ಒಂದು ವರ್ಷ ನನ್ನ ಜಗಲಿಯಲ್ಲಿ ಏಳನೆಯವರೊಬ್ಬರು ಕುಳಿತಿದ್ದರು. ಒಂದು ಬೇವಿನೆಲೆಯನ್ನೂ ನಾನು ಅವರ ಕೈಗೆ ಕೊಟ್ಟಿರಲಿಲ್ಲ.

“ನಮ್ ಕೊಪ್ಪಲ್ದೇ ಕಣಮ್ಮ, ಬಸ್ ಅತ್ತಿ” ಎಂದರು ಅಜ್ಜಿ. “ಪಕ್ಕದಾಗೆ ಎಂತದೋ ಬಾಲ ಅಂಟ್ಕಂಡದೆ. ಅದ ನಾಳೀಕೆ ಹೇಳ್ಕೊಡಿ.”

ಬೆಳಿಗ್ಗೆಯಿಂದ ತುಟಿ ಬಿಚ್ಚದಿದ್ದ ಮೊಮ್ಮಗಳು ಆಗ ಬಾಯಿ ತೆರೆದಳು.

“ಅಜ್ಜಿ ಮಾತಾಡ್ಬುಟ್ರು ಮಿಸ್. ಔಟು.”